ತಡವಾಗಿ ಬರುವ ಉತ್ತರ

ಅರವತ್ತು ದಾಟಿದವರಿಗೆ ತಲೆಯ ಎಂಆರ್‌ಐ ಮಾಡಿಸಿದರೆ ರಿಪೋರ್ಟಿನಲ್ಲಿ ಒಂದು ಸಾಲು ಬರುವುದು ತೀರಾ ಸಾಮಾನ್ಯ. 'ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್' ಅಂತ. ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಹರಿವು ಸಾಲದೆ ಆದ ಬದಲಾವಣೆ ಅಂತ ಅದರ ಅರ್ಥ. ಕೆಲವೊಮ್ಮೆ ಅದರ ಪಕ್ಕದಲ್ಲೇ 'ಫಜೆಕಾಸ್ ಗ್ರೇಡ್ 1' ಅಂತಲೋ '2' ಅಂತಲೋ, ಅದು ಎಷ್ಟಿದೆ ಅನ್ನುವ ದರ್ಜೆ ಇರುತ್ತದೆ. ತಲೆಸುತ್ತಿಗೋ, ಬಚ್ಚಲಲ್ಲಿ ಜಾರಿ ಬಿದ್ದಿದ್ದಕ್ಕೋ ಮಾಡಿಸಿದ ಸ್ಕ್ಯಾನ್ ಅದು. ಗೆಡ್ಡೆ ಇಲ್ಲ, ರಕ್ತಸ್ರಾವ ಇಲ್ಲ ಅಂತ ಗೊತ್ತಾದರೆ ಮನೆಯವರಿಗೆ ಉಸಿರು ಬರುತ್ತದೆ. ಆ ಸಾಲಿನ ಬಗ್ಗೆ ಯಾರಾದರೂ ಕೇಳಿದರೆ 'ವಯಸ್ಸಿಗೆ ಸಹಜ' ಅನ್ನುವ ಉತ್ತರ ಸಿಗುತ್ತದೆ. ಫಿಲ್ಮು ಬೀರುವಿನ ಮೇಲೆ ಸೇರುತ್ತದೆ.

ಆ ಸಾಲನ್ನು ನಿಂತು ಓದಬೇಕು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಯಸ್ಸಾದ ತುಂಬಾ ಜನರಲ್ಲಿ ಇದು ಇರುತ್ತದೆ, ನಿಜ. ಸ್ಕ್ಯಾನಿನಲ್ಲಿ ಒಂದೆರಡು ಬಿಳಿ ಚುಕ್ಕೆ ಇದ್ದರೆ ಗಾಬರಿ ಬೇಡ, ಅದೂ ನಿಜ. ಆದರೆ ಎಲ್ಲರಿಗೂ ಬರುತ್ತದೆ ಅಂದ ಮಾತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ ಅಂತ ಅಲ್ಲ. ಮಿದುಳಿಗೆ ರಕ್ತದ ಹರಿವು ನಿಂತು ಆಗುವ ಲಕ್ವಗಳಲ್ಲಿ (ಸ್ಟ್ರೋಕ್) ಸುಮಾರು ಕಾಲು ಭಾಗಕ್ಕೆ ಈ ಸಣ್ಣ ನಾಳಗಳೇ ಕಾರಣ. ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಶಿಯಾದಲ್ಲಿ, ಅಂದರೆ ಬುದ್ಧಿಶಕ್ತಿಯ ಕುಸಿತದಲ್ಲಿ, ಮೊದಲ ಜಾಗವೂ ಇದಕ್ಕೇ. ಅಲ್ಜೈಮರ್ ಹೆಸರು ಈಗ ಹಳ್ಳಿಯ ಮನೆಗಳಲ್ಲೂ ಗೊತ್ತು. ಇದರ ಹೆಸರು ಕೇಳಿದವರು ಕಡಿಮೆ.

ನನಗೆ ಗೊತ್ತಾದದ್ದು ನಮ್ಮ ದೊಡ್ಡಪ್ಪನಿಂದ.

ದೊಡ್ಡಪ್ಪ ಸಾಗರದ ಕಡೆಯ ಅಡಿಕೆ ಬೆಳೆಗಾರರು. ಸುತ್ತಲ ಊರುಗಳಲ್ಲಿ ಅವರನ್ನು ಗುರುತಿಸುತ್ತಿದ್ದದ್ದು ತಾಳಮದ್ದಳೆಯ ಅರ್ಥಧಾರಿ ಅಂತ. ಬಯಲುಸೀಮೆಯ ಓದುಗರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಾತ್ರ ವಹಿಸಿದವರು ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾರೆ. ಬರೆದಿಟ್ಟ ಮಾತು ಯಾವುದೂ ಇರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳಿದರೆ ರಾಮನಾದವರು ಅಲ್ಲೇ, ಆ ಕ್ಷಣದಲ್ಲೇ ಉತ್ತರ ಕಟ್ಟಬೇಕು. ವಾಲಿ ಅದನ್ನು ಮುರಿಯುತ್ತಾನೆ. ರಾಮ ಮತ್ತೊಂದು ಕಡೆಯಿಂದ ಬರುತ್ತಾನೆ. ಪುರಾಣ ಗೊತ್ತಿದ್ದರೆ ಸಾಲದು. ಎದುರಾಳಿ ಹೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು, ಅದರಲ್ಲಿ ಸಡಿಲು ಎಲ್ಲಿದೆ ಅಂತ ಹುಡುಕಿ, ತನ್ನ ಪಾತ್ರದ ಗೌರವ ಬಿಡದೆ, ಸಭೆಗೆ ರುಚಿಸುವ ಹಾಗೆ ಹೇಳಬೇಕು. ಇಷ್ಟೂ ಒಂದೆರಡು ಉಸಿರಿನಲ್ಲಿ ಆಗಬೇಕು.

ಮೊದಲು ಹೋದದ್ದು ಈ ಚುರುಕು.

ಪದ್ಯ ಒಂದೂ ಮರೆತಿರಲಿಲ್ಲ. ಯಾವ ಪ್ರಸಂಗದ ಯಾವ ಪದ್ಯ ಅಂತ ಕೇಳಿದರೆ ರಾಗ ಸಮೇತ ಹೇಳುತ್ತಿದ್ದರು. ಒಂದು ಮಳೆಗಾಲದ ಕೂಟದಲ್ಲಿ ಎದುರಾಳಿ ಒಂದು ಪ್ರಶ್ನೆ ಹಾಕಿದರು. ಕಷ್ಟದ ಪ್ರಶ್ನೆ ಏನಲ್ಲ, ಹಿಂದೆ ಎಷ್ಟೋ ಸಲ ಎದುರಿಸಿದ್ದೇ. ದೊಡ್ಡಪ್ಪ ಸುಮ್ಮನೆ ಕೂತರು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಭಾಗವತರು ಅನುಭವಸ್ಥರು. ಮುಂದಿನ ಪದ್ಯ ಎತ್ತಿ ಕೂಟವನ್ನು ದಾಟಿಸಿದರು. ಎಲ್ಲ ಮುಗಿದು ಊಟಕ್ಕೆ ಕೂತಾಗ, ಸಾರು ಬಡಿಸುವ ಹೊತ್ತಿಗೆ, ದೊಡ್ಡಪ್ಪ ಆ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ ಹೇಳಿದರು. ಪಂಕ್ತಿಯಲ್ಲಿದ್ದವರೆಲ್ಲ ಮೆಚ್ಚಿಕೊಂಡರು. ಉತ್ತರ ಅವರೊಳಗೇ ಇತ್ತು. ಅದು ಹೊರಗೆ ಬರುವ ದಾರಿ ನಿಧಾನವಾಗಿತ್ತು.

ತೋಟದ ಕೆಲಸದಲ್ಲೂ ಹೀಗೇ ಆಯಿತು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವುದು ಅಂದರೆ ಎಷ್ಟು ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಬೇಕು ಅಂತ ಅಡಿಕೆಯವರಿಗೆ ಗೊತ್ತು. ಮೈಲುತುತ್ತ ತರಬೇಕು. ಸುಣ್ಣ ತರಬೇಕು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಮೊದಲೇ ಹೇಳಿಟ್ಟಿರಬೇಕು. ಎರಡು ಮಳೆಯ ನಡುವೆ ಒಂದು ಹೊಳವು ಸಿಗಬೇಕು. ಜೀವಮಾನ ಪೂರ್ತಿ ಇದನ್ನು ಮಾಡಿಸಿದವರು ಒಂದು ವರ್ಷ ಎಲ್ಲ ಸಾಮಾನು ತಂದಿಟ್ಟು, ಕೊನೆಗಾರನಿಗೆ ಹೇಳಿಯೇ ಇರಲಿಲ್ಲ. ಮುಂದಿನ ವರ್ಷ ಸುಣ್ಣ ಕರಗಿಸುತ್ತಿರುವಾಗ ಯಾರೋ ಮಾತಾಡಿಸಲು ಬಂದರು. ಮಾತು ಮುಗಿದ ಮೇಲೆ ದೊಡ್ಡಪ್ಪನಿಗೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಹೊಳೆಯಲಿಲ್ಲ. ಡ್ರಮ್ಮಿನ ಮುಂದೆ ನಿಂತೇ ಇದ್ದರು.

'ಇವರಿಗೆ ಮರೆವು ಅಂತ ಮಾತ್ರ ಹೇಳಬೇಡಿ. ನನ್ನ ತಮ್ಮ ಮೂವತ್ತು ವರ್ಷದ ಹಿಂದೆ ತಗೊಂಡ ಕೈಗಡ ಕೂಡ ನೆನಪಿದೆ' ಅಂತ ದೊಡ್ಡಮ್ಮ ಹೇಳುತ್ತಿದ್ದರು. ಅವರು ಹೇಳಿದ್ದು ಸರಿಯೇ ಇತ್ತು. ನಮ್ಮ ಕಡೆ ಮಿದುಳಿನ ಕಾಯಿಲೆ ಅಂದರೆ ಮರೆವು. ಹೆಸರು ಮರೆಯಬೇಕು, ದಾರಿ ತಪ್ಪಬೇಕು, ಉಂಡದ್ದು ಮರೆತು ಮತ್ತೆ ಊಟ ಕೇಳಬೇಕು. ಅದೊಂದೂ ಇಲ್ಲದಿದ್ದರೆ ಮನುಷ್ಯನ ಸ್ವಭಾವದ ಮೇಲೆ ಹೋಗುತ್ತದೆ. ಸೋಮಾರಿತನ ಬಂತು, ಹಟ ಜಾಸ್ತಿಯಾಯಿತು, ಯಾರ ಮೇಲೋ ಸಿಟ್ಟು. ಅರವತ್ತಕ್ಕೆ ಅರಳು ಮರಳು ಅಂದುಬಿಟ್ಟರೆ ಮಾತೇ ಮುಗೀತು. ದೊಡ್ಡಪ್ಪನ ಬಗ್ಗೆ ಊರು ಇವೆಲ್ಲವನ್ನೂ ಹೇಳಿತು.

ಈ ನಡುವೆ ಅವರ ನಡಿಗೆ ಬದಲಾಗಿತ್ತು. ಹೆಜ್ಜೆ ಚಿಕ್ಕದಾಯಿತು, ಕಾಲೆತ್ತಿ ಇಡುವುದು ಕಡಿಮೆಯಾಯಿತು. ಅದಕ್ಕೆ ಮಂಡಿ ಸವೆತ ಅಂತ ಎಣ್ಣೆ ತಿಕ್ಕಿದ್ದಾಯಿತು. ಮೂತ್ರಕ್ಕೆ ಅವಸರ ಶುರುವಾಯಿತು. ಅದಕ್ಕೆ ಪ್ರೊಸ್ಟೇಟ್ ಅಂತ ಬೇರೆ ಡಾಕ್ಟರು, ಬೇರೆ ಮಾತ್ರೆ. ಯೋಚನೆ ನಿಧಾನ, ನಡಿಗೆ ನಿಧಾನ, ಮೂತ್ರದ ಅವಸರ. ಮೂರಕ್ಕೂ ಬೇರೆ ಬೇರೆ ಕಾರಣ ಇರಬಹುದು, ಅದು ಸಹಜ. ಆದರೆ ಮೂರೂ ಒಟ್ಟಿಗೆ ಬಂದಾಗ, ಅದರಲ್ಲೂ ಹಳೆಯ ಬಿಪಿ ಇರುವವರಲ್ಲಿ ಬಂದಾಗ, ತಲೆಯ ಒಳಗೂ ಒಮ್ಮೆ ನೋಡಬೇಕು. ಮಿದುಳಿನ ಮುಂಭಾಗದಿಂದ ಕಾಲಿಗೆ ಮತ್ತು ಮೂತ್ರಕೋಶಕ್ಕೆ ಅಪ್ಪಣೆ ಒಯ್ಯುವ ಎಳೆಗಳು ಮಿದುಳಿನ ಆಳದಲ್ಲಿ ಹಾದು ಬರುತ್ತವೆ. ಯೋಚನೆಯನ್ನು ನಡೆಸುವ ಎಳೆಗಳೂ ಅಲ್ಲಿಯೇ ಇವೆ.

ಆ ಆಳಕ್ಕೆ ರಕ್ತ ಹೇಗೆ ಹೋಗುತ್ತದೆ ಅನ್ನುವುದರಲ್ಲೇ ಇಡೀ ಕಥೆ ಇದೆ. ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟು ಅದಕ್ಕೇ ಬೇಕು. ಕೂಡಿಟ್ಟುಕೊಂಡು ಆಮೇಲೆ ಬಳಸುವ ಅನುಕೂಲ ಅದಕ್ಕಿಲ್ಲ, ಪ್ರತಿ ಕ್ಷಣ ಹೊಸ ರಕ್ತ ಬರುತ್ತಿರಬೇಕು. ಕುತ್ತಿಗೆಯ ಮೂಲಕ ನಾಲ್ಕು ದೊಡ್ಡ ನಾಳಗಳು ಮೇಲೆ ಹೋಗಿ ಮಿದುಳಿನ ಬುಡದಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಾಗಾಗಿ ದೊಡ್ಡ ನಾಳ ಒಂದು ಕಡೆ ಕಟ್ಟಿದರೂ ಇನ್ನೊಂದು ಕಡೆಯಿಂದ ಸ್ವಲ್ಪವಾದರೂ ರಕ್ತ ಬರುವ ದಾರಿ ಇದೆ. ಅಲ್ಲಿಂದ ಆಳಕ್ಕೆ ಇಳಿಯುವ ಸಣ್ಣ ನಾಳಗಳಿಗೆ ಅಂಥ ಪರ್ಯಾಯ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಅವು ಒಂದು ಮಿಲಿಮೀಟರ್‌ಗಿಂತ ಎಷ್ಟೋ ತೆಳು. ದೂರ ಮಾತ್ರ ಜಾಸ್ತಿ ಹೋಗಬೇಕು.

ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತರ ಕಷ್ಟ ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವಲ್ಲ, ಇಲ್ಲಿ ಆಗುವುದು ಅದೇ. ನಾಲೆ ಎಲ್ಲೂ ಒಡೆದಿರುವುದಿಲ್ಲ, ಮುಚ್ಚಿರುವುದೂ ಇಲ್ಲ. ಮೇಲ್ಭಾಗದಲ್ಲಿ ಹರಿವು ಸ್ವಲ್ಪ ಕಮ್ಮಿಯಾದರೂ ಸಾಕು, ತುದಿಯ ಹೊಲ ಒಣಗುತ್ತದೆ. ಬೆಳೆ ಒಂದೇ ದಿನಕ್ಕೆ ಸಾಯುವುದಿಲ್ಲ. ಬಾಡುತ್ತಾ ಹೋಗುತ್ತದೆ.

ಬಿಪಿ ವರ್ಷಗಟ್ಟಲೆ ಮೇಲೆ ಇದ್ದರೆ ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಗೋಡೆಯಲ್ಲಿರುವ ಸ್ನಾಯುಕಣಗಳು ನಾಶವಾಗಿ ಆ ಜಾಗಕ್ಕೆ ನಾರಿನ ಅಂಶ ಬರುತ್ತದೆ. ಮಿದುಳಿನ ಯಾವುದೋ ಭಾಗ ಜಾಸ್ತಿ ಕೆಲಸ ಮಾಡುವಾಗ ಅಲ್ಲಿನ ನಾಳ ಹಿಗ್ಗಿ ಜಾಸ್ತಿ ರಕ್ತ ಬಿಡಬೇಕು. ಬಿರುಸಾದ ನಾಳಕ್ಕೆ ಅದು ಆಗುವುದಿಲ್ಲ. ಗೋಡೆ ಸೋರುವುದೂ ಉಂಟು. ರಕ್ತದಲ್ಲೇ ಉಳಿಯಬೇಕಾದ ಪದಾರ್ಥಗಳು ಸುತ್ತಲಿನ ಜಾಗಕ್ಕೆ ಬಂದು ಕೆರಳಿಸುತ್ತವೆ. ಸಕ್ಕರೆ ಕಾಯಿಲೆ, ಸಿಗರೇಟು, ಬೀಡಿ ಇದನ್ನು ಇನ್ನಷ್ಟು ಬೇಗ ತರುತ್ತವೆ. ಎಲ್ಲವೂ ಬಿಪಿಯಿಂದಲೇ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ವಯಸ್ಸಾದವರಲ್ಲಿ ಮಿದುಳಿನ ಹೊರಪದರದ ನಾಳಗಳ ಗೋಡೆಯಲ್ಲಿ ಅಮೈಲಾಯ್ಡ್ ಅನ್ನುವ ಪ್ರೊಟೀನ್ ಸೇರಿಕೊಳ್ಳುವ ಇನ್ನೊಂದು ಬಗೆ ಇದೆ. ಅದರಲ್ಲಿ ರಕ್ತ ಜಿನುಗುವ ಅಪಾಯ ಹೆಚ್ಚು.

ಏಟು ಬೀಳುವುದು ಬಹುಪಾಲು ಬಿಳಿ ಭಾಗಕ್ಕೆ. ಮಿದುಳಿನ ಹೊರಪದರ ಯೋಚನೆ ಮಾಡುವ ಜಾಗ ಅಂತ ನಾವು ಶಾಲೆಯಲ್ಲಿ ಓದಿದ್ದು. ಅದರ ಕೆಳಗಿರುವ ಬಿಳಿ ಭಾಗ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸುದ್ದಿ ಒಯ್ಯುವ ಎಳೆಗಳ ರಾಶಿ. ಇಪ್ಪತ್ತರ ವಯಸ್ಸಿನ ಗಂಡಸಿನ ಮಿದುಳಿನಲ್ಲಿ ಈ ಎಳೆಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಸುಮಾರು 1,76,000 ಕಿಲೋಮೀಟರ್ ಆಗುತ್ತದೆ ಅಂತ ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಲೆಕ್ಕ ಹಾಕಿದರು. ಭೂಮಿಯನ್ನು ನಾಲ್ಕು ಸಲ ಸುತ್ತಿದರೂ ಮಿಗುತ್ತದೆ. ಎಂಬತ್ತರ ಹೊತ್ತಿಗೆ ಕಾಯಿಲೆ ಏನೂ ಇಲ್ಲದವರಲ್ಲೂ ಅದು ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಹಾಗೆ ಇಳಿಯುತ್ತಿರುವ ಕಡೆಗೇ ರಕ್ತ ಸಾಲದೆ ಬಂದರೆ ಏನಾಗಬೇಕು? ಎಳೆಗಳ ಮೇಲಿನ ಕೊಬ್ಬಿನ ಹೊದಿಕೆ ಹಾಳಾಗುತ್ತದೆ. ಸುದ್ದಿ ನಿಧಾನವಾಗಿ ಹೋಗುತ್ತದೆ, ಇಲ್ಲವೇ ತಲುಪುವುದೇ ಇಲ್ಲ. ಎಂಆರ್‌ಐಯಲ್ಲಿ ಬೆಳ್ಳಗೆ ಕಾಣುವ ಚುಕ್ಕೆ, ಮಚ್ಚೆಗಳು ಹೀಗೆ ಹಾಳಾದ ಜಾಗಗಳು. ಅವುಗಳ ನಡುವೆ ಸಣ್ಣ ಸಣ್ಣ ತೂತುಗಳೂ ಇರಬಹುದು. ಸಣ್ಣ ನಾಳ ಪೂರ್ತಿ ಕಟ್ಟಿದ ಜಾಗದಲ್ಲಿ ಸುಮಾರು 3ರಿಂದ 15 ಮಿಲಿಮೀಟರ್ ಅಗಲದ ಗುಳಿ ಉಳಿಯುತ್ತದೆ. ಅದಕ್ಕೆ ಲಾಕೂನ್ ಅಂತ ಹೆಸರು. ಎಷ್ಟೋ ಜನರಿಗೆ ಲಾಕೂನ್ ಆದದ್ದೇ ಗೊತ್ತಾಗಿರುವುದಿಲ್ಲ. ಕೈಕಾಲು ಬಿದ್ದಿರುವುದಿಲ್ಲ, ಬಾಯಿ ಸೊಟ್ಟಗಾಗಿರುವುದಿಲ್ಲ. ಎಲ್ಲಿ ಆಯಿತು ಅನ್ನುವುದೂ ಮುಖ್ಯ. ಥಾಲಮಸ್ ಅನ್ನುವ ಕೂಡುದಾಣದಲ್ಲಿ ಆದ ಚಿಕ್ಕ ಗುಳಿ ಬೇರೆ ಕಡೆಯ ದೊಡ್ಡ ಗುಳಿಗಿಂತ ಜಾಸ್ತಿ ಕೆಡುಕು ಮಾಡಬಲ್ಲದು.

ಅಲ್ಜೈಮರ್ ಬೇರೆ ದಾರಿ ಹಿಡಿಯುತ್ತದೆ. ಅದು ಸಾಮಾನ್ಯವಾಗಿ ಹೊಸ ನೆನಪುಗಳನ್ನು ಕಟ್ಟುವ ಜಾಗದಿಂದ ಶುರುವಾಗುತ್ತದೆ. ಬೆಳಿಗ್ಗೆ ಆದದ್ದು ಒಳಗೆ ದಾಖಲಾಗುವುದೇ ಇಲ್ಲ. ಸಣ್ಣ ನಾಳದ ಕಾಯಿಲೆಯಲ್ಲಿ ದಾಖಲು ಬಹಳ ಕಾಲ ಉಳಿದಿರುತ್ತದೆ. ಮೊದಲು ಕುಸಿಯುವುದು ವೇಗ. ಆಮೇಲೆ ಯೋಜನೆ ಹಾಕುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಎರಡು ವಿಷಯಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು.

ದೊಡ್ಡಪ್ಪನನ್ನು ಪರೀಕ್ಷೆ ಮಾಡುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಇವತ್ತು ಯಾವ ವಾರ, ಯಾವ ಊರು, ಈ ವಸ್ತುವಿನ ಹೆಸರೇನು ಅಂತ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದರು. 1975ರಿಂದ ಬಳಕೆಯಲ್ಲಿರುವ ಎಂಎಂಎಸ್‌ಇ ಅನ್ನುವ 30 ಅಂಕಗಳ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳೇ ಹೆಚ್ಚು. ಅದರಲ್ಲಿ ಅವರು ಒಳ್ಳೆಯ ಅಂಕ ತೆಗೆದುಕೊಂಡರು. ಆಮೇಲೆ ಮೋಕಾ ಅನ್ನುವ, 2005ರಲ್ಲಿ ಬಂದ ಪರೀಕ್ಷೆಯ ಕೆಲಸಗಳು ಬಂದವು. ಒಂದು ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ದೊಡ್ಡಪ್ಪ ವೃತ್ತ ಬರೆದರು, ಅಂಕಿ ಬರೆದರು. ಮುಳ್ಳು ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅಂತ ತುಂಬಾ ಹೊತ್ತು ಪೆನ್ನು ಹಿಡಿದು ಕೂತರು. ಅಂಕಿ, ಅಕ್ಷರ, ಮತ್ತೆ ಅಂಕಿ, ಮತ್ತೆ ಅಕ್ಷರ ಅಂತ ಗೆರೆ ಎಳೆಯಬೇಕಾದ ಕಡೆ ಮೂರನೆಯ ಹೆಜ್ಜೆಗೆ ತಪ್ಪಿತು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಎರಡು ಮಾತ್ರ ಬಂದವು. 'ಅದೊಂದು ಹೂವಿನ ಹೆಸರು' ಅಂತ ಸುಳಿವು ಕೊಟ್ಟ ತಕ್ಷಣ ಇನ್ನೊಂದು ಬಂತು. ಸುಳಿವು ಕೊಟ್ಟರೆ ಬರುತ್ತದೆ ಅಂದರೆ ನೆನಪು ಒಳಗಿದೆ, ಎತ್ತಿಕೊಳ್ಳುವುದು ಕಷ್ಟವಾಗಿದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ನನಗೆ ಆ ಊಟದ ಪಂಕ್ತಿಯ ಉತ್ತರ ಅರ್ಥವಾದದ್ದು ಆಗ.

ಈ ಕಾಯಿಲೆಯ ಗುರುತು ಹೊಸದಲ್ಲ. ಮಿದುಳಿನ ಆಳದ ಈ ಗುಳಿಗಳನ್ನು ಫ್ರಾನ್ಸಿನ ವೈದ್ಯರು 1830–40ರ ದಶಕಗಳಲ್ಲೇ ಬರೆದಿಟ್ಟಿದ್ದರು. 1894ರಲ್ಲಿ ಒಟ್ಟೊ ಬಿನ್ಸ್‌ವಾಂಗರ್ ಅನ್ನುವ ವೈದ್ಯ ಬಿಳಿ ಭಾಗ ಕುಗ್ಗಿ ಬುದ್ಧಿಶಕ್ತಿ ಇಳಿಯುವ ರೋಗಿಗಳ ಬಗ್ಗೆ ಬರೆದರು. ಅದಕ್ಕೆ ಬಿನ್ಸ್‌ವಾಂಗರ್ ಹೆಸರು ಕೊಟ್ಟವರು ಅಲೋಯಿಸ್ ಅಲ್ಜೈಮರ್. ತಮ್ಮ ಹೆಸರಿನಿಂದ ಲೋಕಕ್ಕೆ ಗೊತ್ತಾದ ಕಾಯಿಲೆಯನ್ನು 1906ರಲ್ಲಿ ಸಭೆಯ ಮುಂದಿಡುವ ಮೊದಲು ಅವರು ರಕ್ತನಾಳ ಕೆಟ್ಟು ಬರುವ ಬುದ್ಧಿಭ್ರಮೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. 1960ರ ದಶಕದಲ್ಲಿ ಬಾಸ್ಟನ್‌ನಲ್ಲಿ ಮಿಲ್ಲರ್ ಫಿಶರ್ ಸತ್ತವರ ಮಿದುಳುಗಳನ್ನು ತೆಳು ಪದರಗಳಾಗಿ ಕತ್ತರಿಸಿ, ಒಂದೊಂದು ಗುಳಿಗೆ ಯಾವ ಸಣ್ಣ ನಾಳ ಕಾರಣ ಅಂತ ತಾಳ್ಮೆಯಿಂದ ಹುಡುಕಿದರು. ಬದುಕಿರುವವರಲ್ಲಿ ಇದನ್ನು ಚೆನ್ನಾಗಿ ನೋಡುವುದಕ್ಕೆ ಎಂಆರ್‌ಐ ಬರಬೇಕಾಯಿತು. ಬಿಳಿ ಮಚ್ಚೆಗಳಿಗೆ 0ಯಿಂದ 3ರವರೆಗೆ ದರ್ಜೆ ಕೊಡುವ ಫಜೆಕಾಸ್ ಅಳತೆ 1987ರದ್ದು. ನಮ್ಮ ರಿಪೋರ್ಟುಗಳಲ್ಲಿ ಈಗಲೂ ಅದೇ ಇದೆ.

ಎರಡು ಕಾಯಿಲೆಗಳು ಒಂದೇ ತಲೆಯಲ್ಲಿ ಇದ್ದಾಗ ಏನಾಗುತ್ತದೆ ಅನ್ನುವುದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ಮೇಲೆ ನಡೆದ ಒಂದು ಅಧ್ಯಯನ ಪ್ರಸಿದ್ಧ. ಅವರು ಬದುಕಿದ್ದಾಗ ಪರೀಕ್ಷೆಗೆ ಕೂತರು, ಸತ್ತ ಮೇಲೆ ಮಿದುಳನ್ನು ದಾನ ಮಾಡಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಮಿದುಳಿನಲ್ಲಿ ಅಲ್ಜೈಮರ್ ಗುರುತುಗಳಿದ್ದ ಎಲ್ಲರಿಗೂ ಬದುಕಿದ್ದಾಗ ಡಿಮೆನ್ಶಿಯಾ ಕಾಣಿಸಿಕೊಂಡಿರಲಿಲ್ಲ. ಆ ಗುರುತುಗಳ ಜೊತೆಗೆ ಆಳದಲ್ಲಿ ಒಂದೆರಡು ಲಾಕೂನ್ ಇದ್ದವರಲ್ಲಿ ಡಿಮೆನ್ಶಿಯಾ ತುಂಬಾ ಹೆಚ್ಚಾಗಿತ್ತು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 60ರಿಂದ 90 ವರ್ಷದ ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2003ರಲ್ಲಿ ಹೇಳಿದ್ದು, ಹೊರಗೆ ಕಾಣದ ಇಂಥ ಮೌನ ಲಕ್ವಗಳು ಇದ್ದವರಿಗೆ ಮುಂದೆ ಡಿಮೆನ್ಶಿಯಾ ಬರುವ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಅಂತ. ಅಲ್ಜೈಮರ್ ಗುರುತುಗಳನ್ನು ತಡೆಯುವ ಉಪಾಯ ನಮ್ಮ ಕೈಯಲ್ಲಿ ಇವತ್ತಿಗೆ ಹೆಚ್ಚೇನಿಲ್ಲ. ಲಾಕೂನ್ ಆಗದ ಹಾಗೆ ನೋಡಿಕೊಳ್ಳುವುದಕ್ಕೆ ಇದೆ.

ಆ ಉಪಾಯಗಳಿಗೆ ಹೋಗುವ ಮೊದಲು ಇನ್ನೊಂದು ವಿಷಯ ಹೇಳಬೇಕು. ಈ ಕಾಯಿಲೆಯಲ್ಲಿ ಮನೆಯವರನ್ನು ಅತಿ ಹೆಚ್ಚು ನೋಯಿಸುವುದು ನಿಧಾನವಲ್ಲ, ನಿರಾಸಕ್ತಿ.

ದೊಡ್ಡಪ್ಪ ಕೂಟಗಳಿಗೆ ಹೋಗುವುದನ್ನು ನಿಲ್ಲಿಸಿದರು. ಅದು ಅವಮಾನದಿಂದ ಅಂತ ಎಲ್ಲರೂ ಅಂದುಕೊಂಡರು. ಆಮೇಲೆ ಪೇಪರ್ ಓದುವುದು ನಿಂತಿತು. ತೋಟಕ್ಕೆ ಇಳಿಯುವುದು ನಿಂತಿತು. ಜಗಲಿಯಲ್ಲಿ ಕೂತರೆ ಕೂತೇ ಇರುತ್ತಿದ್ದರು. ಮೊಮ್ಮಗಳು ಬಂದರೆ ನಗುತ್ತಿದ್ದರು, ತಾವಾಗಿ ಮಾತಾಡಿಸುತ್ತಿರಲಿಲ್ಲ. ದುಃಖ ಇದೆಯಾ ಅಂತ ಕೇಳಿದರೆ 'ಇಲ್ಲವಲ್ಲ' ಅನ್ನುತ್ತಿದ್ದರು. ದೊಡ್ಡಮ್ಮನಿಗೆ ಇದೇ ದೊಡ್ಡ ಸಂಕಟ. 'ಸಿಟ್ಟು ಮಾಡಿದರೂ ಆಗಬಹುದಿತ್ತು ಮಾರಾಯ್ತಿ, ಇವರಿಗೆ ಏನೂ ಬೇಡವೇ ಬೇಡ' ಅಂತ ನನ್ನ ಹತ್ತಿರ ಹೇಳಿ ಅತ್ತಿದ್ದರು.

ಖಿನ್ನತೆಯಲ್ಲಿ ಮನಸ್ಸಿಗೆ ನೋವಿರುತ್ತದೆ. ಇಲ್ಲಿ ನೋವು ಇರಲೇಬೇಕು ಅಂತಿಲ್ಲ. ಕೆಲಸಕ್ಕೆ ಏಳು ಅಂತ ಒಳಗಿನಿಂದ ತಳ್ಳುವ ಶಕ್ತಿಯೇ ಸೋತಿರುತ್ತದೆ. ಮಿದುಳಿನ ಮುಂಭಾಗ, ಅದರ ಕೆಳಗಿನ ನರಕಣಗಳ ಗಂಟುಗಳು, ಥಾಲಮಸ್ ಇವುಗಳ ನಡುವೆ ಸುತ್ತುವ ಎಳೆಗಳು ಆ ತಳ್ಳುವ ಕೆಲಸ ಮಾಡುತ್ತವೆ. ಸಣ್ಣ ನಾಳಗಳು ಹಾಳಾದಾಗ ಪೆಟ್ಟು ತಿನ್ನುವುದು ಇದೇ ಸುತ್ತು. ಖಿನ್ನತೆಯೂ ಜೊತೆಗೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹಾಗಾಗಿ ಡಾಕ್ಟರಿಗೆ ತೋರಿಸದೆ ಇದು ಅದೇ, ಇದು ಇದೇ ಅಂತ ನಾವೇ ತೀರ್ಮಾನ ಮಾಡಬಾರದು. ಆದರೆ ನಿರಾಸಕ್ತಿ ಅಂತ ಗೊತ್ತಾದ ಮೇಲೆ ದೊಡ್ಡಮ್ಮನ ಮನಸ್ಸು ಎಷ್ಟೋ ಹಗುರವಾಯಿತು. ತನ್ನ ಮೇಲಿನ ಬೇಸರ ಅಲ್ಲ ಇದು ಅಂತ ಅವರಿಗೆ ಖಚಿತವಾಯಿತು.

ಅವರೇ ದಾರಿಗಳನ್ನೂ ಕಂಡುಕೊಂಡರು. 'ತೋಟಕ್ಕೆ ಹೋಗುತ್ತೀರಾ?' ಅಂತ ಕೇಳಿದರೆ 'ಬೇಡ' ಬರುತ್ತದೆ. ಚಪ್ಪಲಿ ತಂದು ಮುಂದಿಟ್ಟು 'ಬನ್ನಿ, ಹೋಗಿ ಬರೋಣ' ಅಂದರೆ ಏಳುತ್ತಾರೆ. ಹೋದ ಮೇಲೆ ಖುಷಿಯಾಗಿಯೇ ನೋಡುತ್ತಾರೆ, ಯಾವ ಮರದಲ್ಲಿ ಹಿಂಗಾರ ಒಣಗಿದೆ ಅಂತ ತೋರಿಸುತ್ತಾರೆ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. 'ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ಮಾತ್ರೆ ತಗೊಂಡು ಬನ್ನಿ' ಅಂದರೆ ಮೊದಲನೆಯದರಲ್ಲೇ ನಿಲ್ಲುತ್ತದೆ. ಏನಾದರೂ ಕೇಳಿದ ಮೇಲೆ ಕಾಯಬೇಕು. ನಾವು ಕಾಯುವುದಿಲ್ಲ, ಅಲ್ವಾ? ಎರಡು ಸೆಕೆಂಡಿಗೆ ಪ್ರಶ್ನೆಯನ್ನು ಇನ್ನೊಂದು ಥರ ಕೇಳುತ್ತೇವೆ. ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಟಿವಿ ಆರಿಸಿ, ಎದುರು ಕೂತು, ಒಂದೇ ಸಲ ಕೇಳಿ ಸುಮ್ನೆ ಇದ್ದರೆ ಉತ್ತರ ಬರುತ್ತದೆ. ಪೂರ್ತಿ ಉತ್ತರವೇ ಬರುತ್ತದೆ.

ಔಷಧಿಯ ವಿಷಯ. ಹಾಳಾದ ಬಿಳಿ ಭಾಗವನ್ನು ಸರಿ ಮಾಡುವ ಮಾತ್ರೆ ಇಲ್ಲ. ನೆನಪಿನ ಶಕ್ತಿ ಹೆಚ್ಚಿಸುವ ಟಾನಿಕ್ ಅಂತ ಮಾರುವವರ ಮಾತಿಗೆ ದುಡ್ಡು ಹಾಕಬೇಡಿ. ಇನ್ನೊಂದು ಸಾಮಾನ್ಯ ಯೋಚನೆ, ರಕ್ತ ತೆಳು ಮಾಡುವ ಮಾತ್ರೆ ಜಾಸ್ತಿ ಕೊಟ್ಟರೆ ಒಳ್ಳೆಯದಲ್ವಾ ಅಂತ. ಲಾಕೂನ್ ಲಕ್ವ ಆದವರಲ್ಲಿ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್ ಅನ್ನೂ ದೀರ್ಘಕಾಲ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಲಕ್ವ ಗಣನೀಯವಾಗಿ ಕಡಿಮೆಯಾಗಲಿಲ್ಲ, ರಕ್ತಸ್ರಾವ ಮತ್ತು ಸಾವು ಹೆಚ್ಚಾದವು. ಯಾರಿಗೆ ಯಾವುದು, ಎಷ್ಟು ದಿನ ಅನ್ನುವುದನ್ನು ನರರೋಗ ತಜ್ಞರೇ ಹೇಳಬೇಕು. ಹಳೆಯ ಎರಡು ಔಷಧಿಗಳಾದ ಸಿಲೋಸ್ಟಜಾಲ್ ಮತ್ತು ಐಸೊಸಾರ್ಬೈಡ್ ಮಾನೊನೈಟ್ರೇಟ್ ಸಣ್ಣ ನಾಳಗಳಿಗೆ ನೆರವಾಗಬಹುದೇ ಅಂತ ಬ್ರಿಟನ್ನಿನಲ್ಲಿ 363 ಜನರ ಮೇಲೆ ನೋಡಿದ್ದಾರೆ. 2023ರಲ್ಲಿ ಬಂದ ಆ ಫಲಿತಾಂಶ ಆಸೆ ಹುಟ್ಟಿಸುವ ಹಾಗಿದೆ. ಖಚಿತವಾಗುವುದಕ್ಕೆ ಇನ್ನೂ ದೊಡ್ಡ ಪ್ರಯೋಗ ಬೇಕು.

ಇವತ್ತಿಗೆ ಗಟ್ಟಿಯಾಗಿ ಹಿಡಿದುಕೊಳ್ಳಬಹುದಾದದ್ದು ಬಿಪಿ. ಅಮೆರಿಕದ ಸ್ಪ್ರಿಂಟ್ ಅನ್ನುವ ಪ್ರಯೋಗದಲ್ಲಿ 50 ದಾಟಿದ 9,361 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಲಿನ ಬಿಪಿ 140ಕ್ಕಿಂತ ಕೆಳಗಿರಲಿ ಅನ್ನುವ ಗುರಿ, ಇನ್ನೊಂದಕ್ಕೆ 120ಕ್ಕಿಂತ ಕೆಳಗೆ. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಬಿಗಿಯಾಗಿ ಹಿಡಿದ ಗುಂಪಿನಲ್ಲಿ ಬುದ್ಧಿಶಕ್ತಿಯ ಸೌಮ್ಯ ಕುಸಿತ ಶೇ. 19ರಷ್ಟು ಕಡಿಮೆ. ಬಿಳಿ ಮಚ್ಚೆಗಳು ಬೆಳೆದದ್ದೂ ಕಡಿಮೆ. ಪೂರ್ತಿ ಡಿಮೆನ್ಶಿಯಾ ಕಡಿಮೆಯಾಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಆ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆ ಇದ್ದವರನ್ನು, ಮೊದಲೇ ಲಕ್ವ ಆದವರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಎಲ್ಲರೂ 120 ಅಂತ ಹಟ ಹಿಡಿಯುವುದು ಬೇಡ. ತುಂಬಾ ವಯಸ್ಸಾದವರಿಗೆ ಬಿಪಿ ಜಾಸ್ತಿ ಇಳಿದರೆ ಎದ್ದು ನಿಂತಾಗ ತಲೆಸುತ್ತು ಬಂದು ಬೀಳುತ್ತಾರೆ. ನಮ್ಮ ದೊಡ್ಡಪ್ಪನಿಗೆ ಗುರಿ ಎಷ್ಟು ಅಂತ ಡಾಕ್ಟರು ಕೂತಾಗ, ನಿಂತಾಗ ಎರಡೂ ಬಿಪಿ ನೋಡಿಯೇ ಹೇಳಿದ್ದು.

ಅವರಿಗೆ ಬಿಪಿ ಇದೆ ಅಂತ ಐವತ್ತರ ಮೊದಲೇ ಗೊತ್ತಿತ್ತು. ಮಾತ್ರೆಯನ್ನು ತಲೆ ಭಾರ ಅನಿಸಿದಾಗ ತೆಗೆದುಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಇವತ್ತಿಗೂ ಮಾಡುವುದು ಅದನ್ನೇ. ಬಿಪಿ ಬಹುಪಾಲು ಏನೂ ಹೇಳುವುದಿಲ್ಲ. 170 ಇದ್ದರೂ ಮನುಷ್ಯ ಆರಾಮಾಗಿ ಮರ ಎಣಿಸಿಕೊಂಡು ಓಡಾಡುತ್ತಾನೆ. ಊಟದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದಷ್ಟು, ಅಡುಗೆ ಉಪ್ಪಿನಕಾಯಿ ಎಲ್ಲ ಸೇರಿ. ಮಲೆನಾಡಿನ ಮನೆಯಲ್ಲಿ ಇದು ಸುಲಭ ಅಂತ ನಾನು ಹೇಳಲಾರೆ. ಉಪ್ಪಿನಕಾಯಿ ಹೋಳನ್ನು ಅರ್ಧ ಮಾಡುವುದರಿಂದ ನಮ್ಮ ಮನೆಯಲ್ಲಿ ಶುರುವಾಗಿದೆ.

ಫಿನ್ಲೆಂಡಿನ ಫಿಂಗರ್ ಅಧ್ಯಯನವೂ ಇಲ್ಲಿ ಹೇಳುವಂಥದ್ದು. 60ರಿಂದ 77 ವರ್ಷದ 1,260 ಜನ. ಅರ್ಧ ಜನರಿಗೆ ಎರಡು ವರ್ಷ ಊಟದ ಸಲಹೆ, ವ್ಯಾಯಾಮ, ಬುದ್ಧಿಗೆ ತರಬೇತಿ, ಬಿಪಿ ಮತ್ತು ಸಕ್ಕರೆಯ ಮೇಲೆ ನಿಗಾ ಒಟ್ಟಿಗೆ ಕೊಟ್ಟರು. ಉಳಿದವರಿಗೆ ಮಾಮೂಲಿ ಆರೋಗ್ಯ ಸಲಹೆ. 2015ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಗುಂಪು ಮುಂದಿದ್ದದ್ದು ಯೋಚನೆಯ ವೇಗದಲ್ಲಿ ಮತ್ತು ಕೆಲಸಗಳನ್ನು ಜೋಡಿಸುವ ಶಕ್ತಿಯಲ್ಲಿ. ದೊಡ್ಡಪ್ಪ ಮೊದಲು ಕಳೆದುಕೊಂಡದ್ದು ಇವೆರಡನ್ನೇ.

ನಮ್ಮ ರಾಜ್ಯದಲ್ಲೂ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 2018ರಿಂದ ಒಂದು ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ ಸುಮಾರು 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಯೋಜನೆ ಅದು. ಇಲ್ಲಿಯವರೆಗೆ ನಾವು ಓದುವ ಅಂಕಿಸಂಖ್ಯೆ ಬಹುಪಾಲು ಯೂರೋಪ್, ಅಮೆರಿಕದ್ದು. ರಾಗಿ ಮುದ್ದೆ ಉಂಡು ಬೆಳೆದ, ಶಾಲೆಗೆ ಕಡಿಮೆ ಹೋದ, ಹೊಲದಲ್ಲಿ ದುಡಿದ ಜನರ ಮಿದುಳಿಗೆ ವಯಸ್ಸು ಹೇಗೆ ಆಗುತ್ತದೆ ಅನ್ನುವುದು ಅಲ್ಲಿಂದ ಗೊತ್ತಾಗಬೇಕು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ತೆರೆಯುವುದು ಅದರ ಭಾಗ. ಪ್ರತಿಯೊಬ್ಬರೂ ಬೆಂಗಳೂರಿಗೆ ಬರಬೇಕಾಗಿಲ್ಲ ಅನ್ನುವುದು ಶಿವಮೊಗ್ಗದ ಆಚೆಯ ಹಳ್ಳಿಯವರಿಗೆ ಎಷ್ಟು ದೊಡ್ಡ ಮಾತು ಅಂತ ಅಲ್ಲಿಂದ ಬಂದವರಿಗೇ ಗೊತ್ತು.

ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮಾಡಿದ ಒಂದು ಅಧ್ಯಯನವನ್ನು ನಾನು ದೊಡ್ಡಮ್ಮನಿಗೆ ಹೇಳಿದ್ದೆ. 2013ರಲ್ಲಿ ಬಂದದ್ದು. ಡಿಮೆನ್ಶಿಯಾ ಇದ್ದ 648 ಜನರಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತು. ಜೀವಮಾನವಿಡೀ ಮಿದುಳನ್ನು ಹಾಗೆ ದುಡಿಸಿಕೊಂಡವರಿಗೆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಸ್ವಲ್ಪ ಜಾಸ್ತಿ ಇರುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ದೊಡ್ಡಪ್ಪನ ಸ್ಕ್ಯಾನಿನಲ್ಲಿ ಗ್ರೇಡ್ 3 ಇತ್ತು. ಅಷ್ಟು ಹಾಳಾಗುವವರೆಗೂ ಅವರು ವಾಲಿಗೆ ಉತ್ತರ ಕೊಡುತ್ತಿದ್ದರು. ಕೂಟಗಳಲ್ಲಿ ಕಳೆದ ಅಷ್ಟು ರಾತ್ರಿಗಳು ಅವರನ್ನು ಸ್ವಲ್ಪ ಕಾಲ ಕಾಪಾಡಿರಬಹುದು ಅಂತ ನನಗೆ ಅನಿಸುತ್ತದೆ. ದೊಡ್ಡಮ್ಮ ಅದನ್ನು ಪೂರ್ತಿ ನಂಬಿದ್ದಾರೆ.

ಯಾರದಾದರೂ ಕುಟುಂಬದಲ್ಲಿ ನಲವತ್ತು, ಐವತ್ತಕ್ಕೇ ಲಕ್ವ ಆಗುತ್ತಿದ್ದರೆ, ಅದರ ಜೊತೆ ಅರೆತಲೆನೋವೂ ಇದ್ದರೆ, ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ನಾಚ್3 ಅನ್ನುವ ಜೀನ್ ದೋಷದಿಂದ ವಂಶದಲ್ಲಿ ಹರಿಯುವ ಕಡಾಸಿಲ್ ಅನ್ನುವ ಬಗೆ ಇದೆ. ಅಪರೂಪದ್ದು, ಆದರೆ ಗೊತ್ತಿರಬೇಕು.

ನಿಮ್ಮ ಮನೆಯ ಹಿರಿಯರ ರಿಪೋರ್ಟಿನಲ್ಲಿ ಆ ಸಾಲು ಇದ್ದರೆ ಈ ವಾರವೇ ರಿಪೋರ್ಟನ್ನು ಬೀರುವಿನ ಮೇಲಿಂದ ಕೆಳಗಿಳಿಸಿ, ಡಾಕ್ಟರ ಮುಂದೆ ಇಡಿ. ಗ್ರೇಡ್ ಎಷ್ಟು ಅಂತ ಕೇಳಿ. ಲಾಕೂನ್ ಇದೆಯಾ, ರಕ್ತ ಜಿನುಗಿದ ಗುರುತು ಇದೆಯಾ ಕೇಳಿ. ಮರೆವು ಇಲ್ಲ, ಆದರೆ ಮಾತು, ನಡಿಗೆ, ಕೆಲಸ ನಿಧಾನವಾಗಿದೆ ಅಂತ ನೀವೇ ಬಾಯಿಬಿಟ್ಟು ಹೇಳಿ, ಹಿರಿಯರು ತಾವಾಗಿ ಹೇಳುವುದಿಲ್ಲ. ಇವರಿಗೆ ಬಿಪಿ ಎಷ್ಟಿರಬೇಕು ಅಂತ ಬರೆಸಿಕೊಳ್ಳಿ. ಮನೆಯಲ್ಲಿ ನೋಡುವಾಗ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಿ, ಬರೆದಿಡಿ. ಆಮೇಲೆ ಅದೇ ಮೆಷಿನ್ನಿನ ಪಟ್ಟಿಯನ್ನು ನಿಮ್ಮ ತೋಳಿಗೂ ಸುತ್ತಿಕೊಳ್ಳಿ. ದೊಡ್ಡಪ್ಪನ ಮಗನಿಗೆ, ನನ್ನ ಅಣ್ಣ ಅವನು, ನಲವತ್ತಾರಕ್ಕೆ 158 ಇದ್ದದ್ದು ಗೊತ್ತಾದದ್ದು ಹಾಗೆಯೇ.